ಸ್ಥಾವರವಾಗಿ ನಿಂತು ಜಂಗಮವಾದ ಉಗಿಬಂಡಿ

ನಮ್ಮ ಪತ್ರಿಕೆಯನ್ನು ತರಿಸುವ ಮನೆತನಗಳಲ್ಲಿ ರೈಲ್ವೆಯ ಅನ್ನವನ್ನು ಉಂಡವರು ಕಡಿಮೆಯೇನಲ್ಲ. ಹುಬ್ಬಳ್ಳಿಯ ಕಾರ್ಯಾಗಾರದಲ್ಲಿ ಬೆಳಗಿನ ಭೋಂಗಾ ಕೂಗಿದೊಡನೆ ಹಣೆಗೆ ವಿಭೂತಿ ಧರಿಸಿ, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ಅಜ್ಜಂದಿರ ನೆನಪು ಅನೇಕ ಮನೆಗಳಲ್ಲಿ ಇನ್ನೂ ಹಸಿರಾಗಿದೆ. ಗದಗ, ಹೊಸಪೇಟೆ, ಸೊಲ್ಲಾಪುರ, ಅರಸೀಕೆರೆಗಳ ಹಿರಿಯರನ್ನು ಮಾತಿಗೆಳೆದರೆ ಸಾಕು, ಕಲ್ಲಿದ್ದಲ ಹೊಗೆ, ಕಣ್ಣಿಗೆ ಬಿದ್ದ ಕಿಡಿ, ಏರಿನಲ್ಲಿ ಏದುಸಿರು ಬಿಡುತ್ತಿದ್ದ ಉಗಿಬಂಡಿ, ಎಲ್ಲವೂ ಸಾಲಾಗಿ ಬರುತ್ತವೆ. ಆದರೆ ಆ ಉಗಿಬಂಡಿಗಳು ಎಲ್ಲಿ ಹೋದವು? ಬಹುಪಾಲು ಗುಜರಿಗೆ ಹೋಗಿ ಕರಗಿದವು. ಕೆಲವು ನಿಲ್ದಾಣಗಳ ಮುಂದೆ ಬಣ್ಣ ಬಳಿಸಿಕೊಂಡು ನಿಂತಿವೆ. ಅಪರೂಪಕ್ಕೆ ಒಂದೆರಡು ಮಾತ್ರ ನಿಂತಲ್ಲಿಂದ ಮತ್ತೆ ಎದ್ದು ನಡೆದಿವೆ. ಅಂಥ ಒಂದು ಉಗಿಬಂಡಿಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಅದರ ಹೆಸರು ‘ಫೇರಿ ಕ್ವೀನ್’, ಎಂದರೆ ಕಿನ್ನರ ರಾಣಿ.

ಇದು ನಮ್ಮ ನಾಡಿನ ಹಳಿಗಳ ಮೇಲೆ ದುಡಿದ ಎಂಜಿನ್ ಅಲ್ಲ. ಬಂಗಾಳದಲ್ಲಿಯೂ ಬಿಹಾರದಲ್ಲಿಯೂ ದುಡಿದದ್ದು. ಬೆಂಗಳೂರಿನ ದಂಡುಪ್ರದೇಶಕ್ಕೆ ಮೊದಲ ರೈಲುಮಾರ್ಗ ಬಂದದ್ದು 1864ರಲ್ಲಿ. ಆ ವೇಳೆಗೆ ಈ ಎಂಜಿನ್ ಒಂಬತ್ತು ವರ್ಷ ದುಡಿದಾಗಿತ್ತು. ಇಷ್ಟು ಹೇಳಿದರೆ ಅದರ ವಯಸ್ಸಿನ ಅಂದಾಜು ಓದುಗರಿಗೆ ಸಿಕ್ಕೀತು.

ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಬಂಗಾಳಕ್ಕೆ ಆ ಗೌರವ ಸಲ್ಲದೆ ಹೋದುದಕ್ಕೆ ಸಮುದ್ರವೂ ಒಂದು ಕಾರಣ. ಈಸ್ಟ್ ಇಂಡಿಯನ್ ರೈಲ್ವೆ ಕಂಪನಿಯು ಇಂಗ್ಲೆಂಡಿನಿಂದ ತರಿಸುತ್ತಿದ್ದ ಡಬ್ಬಿಗಳನ್ನು ಹೊತ್ತ ‘ಗುಡ್‌ವಿನ್’ ಎಂಬ ಹಡಗು ಹೂಗ್ಲಿಯ ಮುಖದ ಹತ್ತಿರ ಮುಳುಗಿತು. ಎಂಜಿನ್‌ಗಳನ್ನು ಹೊತ್ತ ಇನ್ನೊಂದು ಹಡಗು ದಾರಿ ತಪ್ಪಿ ಆಸ್ಟ್ರೇಲಿಯಾ ತಲುಪಿ, ಅಲ್ಲಿಂದ ತಿರುಗಿ ಬರಬೇಕಾಯಿತು. ಕಲ್ಕತ್ತೆಗೆ ಹೊರಟ ಎಂಜಿನ್ ಆಸ್ಟ್ರೇಲಿಯಾಕ್ಕೆ ಹೋದದ್ದು ಇಂದು ನಗೆ ತರಿಸುತ್ತದೆ. ಅಂದು ಹಳಿ ಹಾಕಿಸಿ ಕಾಯುತ್ತ ಕುಳಿತವರಿಗೆ ಅದು ನಗೆಯ ಮಾತಾಗಿರಲಾರದು. ಕೊನೆಗೆ ಡಬ್ಬಿಗಳನ್ನು ಕಲ್ಕತ್ತೆಯಲ್ಲಿಯೇ ಕಟ್ಟಿಸಿ, 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಮೊದಲ ಗಾಡಿಯನ್ನು ಓಡಿಸಿದರು. 1855ರ ಫೆಬ್ರವರಿಯಲ್ಲಿ ಮಾರ್ಗವು ರಾಣಿಗಂಜದವರೆಗೆ, ಒಟ್ಟು 121 ಮೈಲಿ, ಮುಂದುವರಿಯಿತು. ರಾಣಿಗಂಜವೆಂದರೆ ಕಲ್ಲಿದ್ದಲ ಗಣಿಗಳ ಊರು. ನೆಲದಡಿಯ ಕಲ್ಲಿದ್ದಲನ್ನು ಕಲ್ಕತ್ತೆಯ ಬಂದರಿಗೆ ತರಬೇಕೆಂಬ ವ್ಯಾಪಾರದ ಲೆಕ್ಕಾಚಾರವೇ ಆ ಮಾರ್ಗದ ಬೇರು.

ಅದೇ 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಮ್ಸನ್ ಮತ್ತು ಹ್ಯೂಯಿಟ್ಸನ್ ಎಂಬ ಸಂಸ್ಥೆಯ ಕಾರ್ಖಾನೆಯಲ್ಲಿ ನಮ್ಮ ಕಥಾನಾಯಕಿ ಹುಟ್ಟಿದಳು. ಆ ವರ್ಷವೇ ಹಡಗೇರಿ ಕಲ್ಕತ್ತೆಗೆ ಬಂದಳು. ಬಂದವಳಿಗೆ ಹೆಸರೇನೂ ಇರಲಿಲ್ಲ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆಕೆ ಬರಿಯ 22ನೆಯ ನಂಬರು. ‘ಫೇರಿ ಕ್ವೀನ್’ ಎಂಬ ಹೆಸರು ಬಂದದ್ದು 1895ರಲ್ಲಿ, ಎಂದರೆ ನಲವತ್ತು ವರ್ಷ ಹೆಸರಿಲ್ಲದೆ ದುಡಿದ ಬಳಿಕ. ಆದುದರಿಂದ ನಾವೂ ಇನ್ನು ಕೆಲವು ಪುಟ ಆಕೆಯನ್ನು ‘ಅದು’ ಎಂದೇ ಕರೆಯುತ್ತೇವೆ.

ಈ ಎಂಜಿನ್‌ನ ಜಾತಿಯನ್ನು ರೈಲ್ವೆಯವರು ‘ಟ್ಯಾಂಕ್ ಎಂಜಿನ್’ ಎನ್ನುತ್ತಾರೆ. ಅದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಗಿಬಂಡಿಗೆ ಎರಡು ಬಗೆಯ ಆಹಾರ ಬೇಕು: ಒಂದು ಕಲ್ಲಿದ್ದಲು, ಇನ್ನೊಂದು ನೀರು. ದೂರದ ಪ್ರಯಾಣದ ದೊಡ್ಡ ಎಂಜಿನ್‌ಗಳು ಇವೆರಡನ್ನೂ ತಮ್ಮ ಬೆನ್ನ ಹಿಂದೆ ಬೇರೊಂದು ಗಾಡಿಯಲ್ಲಿ ಎಳೆದುಕೊಂಡು ಹೋಗುತ್ತವೆ. ಆ ಗಾಡಿಗೆ ಟೆಂಡರ್ ಎಂದು ಹೆಸರು. ಟ್ಯಾಂಕ್ ಎಂಜಿನ್‌ಗೆ ಅಂಥ ಹಿಂಬಂಡಿ ಇಲ್ಲ. ತನಗೆ ಬೇಕಾದ ನೀರನ್ನೂ ಕಲ್ಲಿದ್ದಲನ್ನೂ ಅದು ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಊರೂರು ಸಂಚರಿಸುವ ಜಂಗಮರು ಹೆಗಲ ಜೋಳಿಗೆಯಲ್ಲಿಯೇ ತಮ್ಮ ಸರ್ವಸ್ವವನ್ನೂ ಇಟ್ಟುಕೊಂಡಂತೆ ಎನ್ನಬಹುದು. ಕೆಲವು ಟ್ಯಾಂಕ್ ಎಂಜಿನ್‌ಗಳಲ್ಲಿ ನೀರಿನ ತೊಟ್ಟಿಗಳು ಬಾಯ್ಲರಿನ ಎರಡು ಪಕ್ಕದಲ್ಲಿ ಇರುತ್ತವೆ. ಕೆಲವುಗಳಲ್ಲಿ ಎತ್ತಿನ ಬೆನ್ನ ಮೇಲಿನ ಹೇರಿನಂತೆ ಬಾಯ್ಲರಿನ ಮೇಲೆಯೇ ಕುಳಿತಿರುತ್ತವೆ. ಈ 22ನೆಯ ನಂಬರಿನಲ್ಲಿ ತೊಟ್ಟಿಯು ಹೊಟ್ಟೆಯ ಕೆಳಗೆ, ಚೌಕಟ್ಟಿನ ಅಡಿಯಲ್ಲಿ ತೂಗುತ್ತದೆ. ಅದರಲ್ಲಿ ಸುಮಾರು 3,000 ಲೀಟರ್ ನೀರು ಹಿಡಿಯುತ್ತದೆ. ಭಾರವು ಕೆಳಗಿರುವುದರಿಂದ ಬಂಡಿ ತೊನೆಯದೆ ಸ್ಥಿರವಾಗಿ ಓಡುತ್ತದೆ ಎಂಬುದು ಇದರ ಗುಣ; ಬೇಗ ಬರಿದಾಗುತ್ತದೆ ಎಂಬುದು ದೋಷ.

ಬಂಡಿಯ ಗಾಲಿಗಳು ಆರೇ ಆರು. ಮುಂದೆ ಎರಡು ಚಿಕ್ಕವು, ಹಿಂದೆ ಎರಡು ಚಿಕ್ಕವು, ನಡುವೆ ಆಳೆತ್ತರದ ಎರಡು ದೊಡ್ಡ ಗಾಲಿಗಳು. ಎಳೆಯುವ ಕೆಲಸವೆಲ್ಲ ಈ ನಡುವಿನ ಜೋಡಿಯದು. ಉಳಿದ ನಾಲ್ಕು ಭಾರ ಹೊರುವುದಕ್ಕೆ ಮಾತ್ರ. ಹೊರಮೈಯಲ್ಲಿ ಎರಡು ಸಿಲಿಂಡರುಗಳು. ಒಂದೊಂದರ ವ್ಯಾಸ 12 ಅಂಗುಲ, ಪಿಸ್ಟನ್ ಚಲಿಸುವ ದೂರ 22 ಅಂಗುಲ. ಒಟ್ಟು ತೂಕ 26 ಟನ್. ಶಕ್ತಿ 130 ಅಶ್ವಶಕ್ತಿ. ಇಂದು ನಮ್ಮ ಊರಿನ ರಸ್ತೆಯಲ್ಲಿ ಓಡಾಡುವ ಸಾಧಾರಣ ಲಾರಿಗೂ ಅಷ್ಟು ಶಕ್ತಿಯಿರುತ್ತದೆ. ಇಂದಿನ ವಿದ್ಯುತ್ ರೈಲು ಎಂಜಿನ್‌ಗಳದು 6,000ವನ್ನು ದಾಟಿದೆ. ವೇಗವೂ ಗಂಟೆಗೆ 40 ಕಿಲೋಮೀಟರು ಮಾತ್ರ. ಆದರೆ ಎತ್ತಿನ ಗಾಡಿ, ಪಲ್ಲಕ್ಕಿ, ದೋಣಿಗಳ ಹೊರತು ಬೇರೆ ವಾಹನವನ್ನೇ ಕಾಣದ ಕಾಲದಲ್ಲಿ ಆ ವೇಗ ಜನರಿಗೆ ಹೇಗೆ ಕಂಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಕೆಲಸದ ಬಗೆ ಸರಳವಾದುದೇ. ಅಡುಗೆಮನೆಯಲ್ಲಿ ಅಕ್ಕಿ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿಯುವುದನ್ನು ಕಂಡ ತಾಯಂದಿರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಒಂದು ಲೋಟ ನೀರು ಆವಿಯಾದರೆ ಸಾವಿರದ ಆರುನೂರು ಲೋಟಕ್ಕೂ ಮಿಕ್ಕಿ ಜಾಗ ಬೇಡುತ್ತದೆ. ಆ ಜಾಗವನ್ನು ಕೊಡದೆ ಬಾಯ್ಲರಿನಲ್ಲಿ ಅದುಮಿಟ್ಟರೆ ಅದು ಶಕ್ತಿಯಾಗುತ್ತದೆ. ಒಲೆಯ ಬಿಸಿಗಾಳಿಯು ನೀರಿನ ನಡುವೆ ಹಾಯ್ದ ಕೊಳವೆಗಳಲ್ಲಿ ಹೋಗುತ್ತ ನೀರನ್ನು ಕುದಿಸುತ್ತದೆ. ಅದುಮಿದ ಉಗಿಯು ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಪಿಸ್ಟನ್ನಿನ ತೋಳು ಗಾಲಿಯನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿಯು ಹೊಗೆಕೊಳವೆಯಿಂದ ಹೊರಕ್ಕೆ ಹಾರುವಾಗ ಒಲೆಯ ಗಾಳಿಯನ್ನೂ ಸೆಳೆದೊಯ್ಯುತ್ತದೆ. ಅದರಿಂದ ಬೆಂಕಿ ಇನ್ನಷ್ಟು ಪ್ರಜ್ವಲಿಸುತ್ತದೆ. ಹೆಚ್ಚು ದುಡಿದಷ್ಟೂ ಹೆಚ್ಚು ಉರಿ. ಮಕ್ಕಳು ‘ಝುಕ್ ಝುಕ್’ ಎಂದು ಅನುಕರಿಸುವ ಸದ್ದು ಈ ಉಗಿಯ ಉಸಿರಿನದೇ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಬಾಯ್ಲರಿನ ಒಳಗೆ ಉಗಿಯ ಒತ್ತಡ ತುಂಬಿರುವಾಗ ಹೊರಗಿನಿಂದ ನೀರನ್ನು ಅದರೊಳಕ್ಕೆ ತಳ್ಳುವುದು ಸುಲಭವಲ್ಲ. ಉಗಿಯ ಬಲದಿಂದಲೇ ನೀರನ್ನು ಒಳಕ್ಕೆ ಚಿಮ್ಮಿಸುವ ‘ಇಂಜೆಕ್ಟರ್’ ಎಂಬ ಸಾಧನವನ್ನು ಫ್ರಾನ್ಸಿನ ಹೆನ್ರಿ ಜಿಫಾರ್ ಎಂಬಾತ ಕಂಡುಹಿಡಿದದ್ದು 1858ರಲ್ಲಿ. ಅದಕ್ಕೆ ಮುಂಚಿನ ಎಂಜಿನ್‌ಗಳಲ್ಲಿ ನೀರು ತಳ್ಳುವ ಪಂಪುಗಳು ಸಾಮಾನ್ಯವಾಗಿ ಗಾಲಿಯ ಅಥವಾ ಪಿಸ್ಟನ್ನಿನ ಚಲನೆಯಿಂದಲೇ ನಡೆಯುತ್ತಿದ್ದುವು. ಹೀಗಾಗಿ ಎಂಜಿನ್ ನಡೆದರೆ ಮಾತ್ರ ಅದಕ್ಕೆ ನೀರು, ನಿಂತರೆ ನೀರಿಲ್ಲ. ನಿಲ್ದಾಣದಲ್ಲಿ ಹೆಚ್ಚು ಹೊತ್ತು ಕಾಯಬೇಕಾಗಿ ಬಂದರೆ ಚಾಲಕನು ಗಾಡಿಯನ್ನು ಕಳಚಿಟ್ಟು, ಎಂಜಿನ್ನನ್ನು ಮಾತ್ರ ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಅಡ್ಡಾಡಿಸಿ ನೀರು ಕುಡಿಸಬೇಕಾಗುತ್ತಿತ್ತು. ನಿಂತರೆ ಬಾಯಾರಿ ಸಾಯುವ ಪ್ರಾಣಿ ಅದು. ನೀರಿನ ಮಟ್ಟ ಇಳಿದು ಒಲೆಯ ತಲೆ ಬರಿದಾದರೆ ಲೋಹ ಮೆತ್ತಗಾಗಿ ಬಾಯ್ಲರು ಸಿಡಿಯುವ ಭಯ. ಅಂಥ ಅಪಾಯದ ಎದುರಿನಲ್ಲಿ ನಿಂತು, ಬಂಗಾಳದ ಬೇಸಗೆಯಲ್ಲಿ, ಬೆಂಕಿಯ ಬಾಯಿಗೆ ಕಲ್ಲಿದ್ದಲು ಉಣಿಸುತ್ತಿದ್ದವನು ಫೈರ್‌ಮನ್.

ಕಾಯಕದೊಡನೆ ಹೆಸರನ್ನು ಕೂಡಿಸಿ ಹೇಳುವ ಸಂಪ್ರದಾಯ ನಮ್ಮದು. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎನ್ನುವಾಗ ಬುಟ್ಟಿಯೂ ಹಗ್ಗವೂ ದೋಣಿಯೂ ಆ ಶರಣರ ಹೆಸರಿನೊಳಗೆ ಬಂದು ಕೂಡುತ್ತವೆ. ಎಂಟುನೂರು ವರ್ಷ ಕಳೆದರೂ ಬುಟ್ಟಿ ಹೆಣೆದವರ ಹೆಸರು ನಮಗೆ ಗೊತ್ತು. ಕಂಪನಿಯ ಕಾಲದ ಚರಿತ್ರೆಯ ರೀತಿ ಬೇರೆ. ಎಂಜಿನ್‌ಗೆ ಹೆಸರು ಬಂತು, ಕಟ್ಟಿದ ಕಾರ್ಖಾನೆಯ ಒಡೆಯರ ಹೆಸರು ಉಳಿಯಿತು; ಐವತ್ತು ವರ್ಷಕ್ಕೂ ಮೇಲೆ ಅದಕ್ಕೆ ಕಲ್ಲಿದ್ದಲು ಉಣಿಸಿದವರ, ಎಣ್ಣೆ ಹಚ್ಚಿದವರ, ಬೂದಿ ಬಳಿದವರ ಹೆಸರು ಯಾವ ಫಲಕದ ಮೇಲೂ ಏರಲಿಲ್ಲ. ಈ ಲೇಖನ ಬರೆಯುವಾಗ ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಇದೇ.

ಕಾಯಕದ ಕಾಲ

ಹೌರಾ ಮತ್ತು ರಾಣಿಗಂಜಗಳ ನಡುವೆ ಹಗುರವಾದ ಟಪಾಲು ಗಾಡಿಗಳನ್ನು ಎಳೆಯುವುದು ಈ ಎಂಜಿನ್‌ನ ಮೊದಲ ಕೆಲಸ. ಬಂಡಿ ಸಣ್ಣದು, ಕಲ್ಲಿದ್ದಲ ಸರಕು ಗಾಡಿಗಳು ಅದರ ಶಕ್ತಿಗೆ ಮೀರಿದವು. ಬೇಗ ಓಡುವ ಹಗುರ ಗಾಡಿಗೆ ದೊಡ್ಡ ಗಾಲಿಯ ಒಂದೇ ಜೋಡಿ ಸಾಕು ಎಂಬುದು ಆ ಕಾಲದ ಎಂಜಿನಿಯರುಗಳ ಎಣಿಕೆ.

ಎರಡು ವರ್ಷ ಕಳೆಯುವುದರೊಳಗೆ 1857 ಬಂತು. ಮೀರತ್, ದೆಹಲಿ, ಕಾನ್ಪುರ, ಲಖನೌಗಳಲ್ಲಿ ದಂಗೆಯೆದ್ದಾಗ ಕಲ್ಕತ್ತೆಯಿಂದ ಸೇನೆಯನ್ನು ಬೇಗನೆ ಸಾಗಿಸಲು ಇಂಗ್ಲಿಷರಿಗೆ ಇದ್ದ ಸಾಧನ ಈ 121 ಮೈಲಿಯ ಹಳಿ. ರಾಣಿಗಂಜದವರೆಗೆ ರೈಲು, ಅಲ್ಲಿಂದ ಮುಂದೆ ಎತ್ತಿನ ಗಾಡಿಗಳ ಸಾಲು. ಮದ್ರಾಸಿನಿಂದ ಪಡೆಯೊಂದಿಗೆ ಬಂದ ಕರ್ನಲ್ ನೀಲ್ ಎಂಬ ಅಧಿಕಾರಿ, ತನ್ನ ಸೈನಿಕರು ಬಂದು ತಲುಪುವ ಮುನ್ನವೇ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸಬೇಕೆಂದು ಹಟ ಹಿಡಿದ ಹೌರಾ ನಿಲ್ದಾಣದ ಅಧಿಕಾರಿಯನ್ನೇ ಕಾವಲಿನಲ್ಲಿರಿಸಿ, ಎಲ್ಲರೂ ಹತ್ತಿದ ಮೇಲೆ ಹೊರಟ ಕಥೆ ಪ್ರಸಿದ್ಧವಾಗಿದೆ. ಅದೇ ನೀಲ್ ಮುಂದೆ ಕಾಶಿ, ಪ್ರಯಾಗಗಳಲ್ಲಿ ನಡೆಸಿದ ಕ್ರೌರ್ಯ ನಗುವ ಸಂಗತಿಯಲ್ಲ. 22ನೆಯ ನಂಬರು ಆ ವರ್ಷ ಸೈನಿಕರ ಗಾಡಿಗಳನ್ನು ಎಳೆಯಿತು. ಇಂದು ಅದನ್ನು ರಾಷ್ಟ್ರದ ನಿಧಿಯೆಂದು ಕೊಂಡಾಡುವಾಗ ಈ ಮಾತನ್ನು ಮರೆಮಾಚುವುದು ಸರಿಯಲ್ಲ ಎಂದು ನಾವು ಭಾವಿಸುತ್ತೇವೆ. ಕಬ್ಬಿಣಕ್ಕೆ ಪಾಪಪುಣ್ಯವಿಲ್ಲ, ನಿಜ. ಆದರೆ ಅದನ್ನು ನೋಡಹೋಗುವ ನಮಗೆ ನೆನಪು ಇರಬೇಕಲ್ಲವೆ? ಸ್ವಾತಂತ್ರ್ಯಕ್ಕಾಗಿ ಎದ್ದವರನ್ನು ಅಡಗಿಸಲು ಸೇನೆಯನ್ನು ಒಯ್ದ ಬಂಡಿಯೇ, ಸ್ವತಂತ್ರ ಭಾರತದ ಹೆಮ್ಮೆಯ ವಸ್ತುವಾಗಿ ಉಳಿದಿದೆ.

ಕಾಲ ಕಳೆದಂತೆ ಗಾಡಿಗಳು ಭಾರವಾದುವು, ಎಂಜಿನ್‌ಗಳು ದೊಡ್ಡವಾದುವು. ವಯಸ್ಸಾದ 22ನೆಯ ನಂಬರನ್ನು ಟಪಾಲು ಗಾಡಿಯಿಂದ ಬಿಡಿಸಿ ಬಿಹಾರಕ್ಕೆ ಕಳುಹಿಸಿದರು. ಅಲ್ಲಿ ಹೊಸ ಮಾರ್ಗಗಳನ್ನು ಹಾಕುವ ಕಡೆ ಅದಕ್ಕೆ ಕೆಲಸ. ಸಂಸಾರದ ಭಾರವನ್ನು ಮಕ್ಕಳಿಗೊಪ್ಪಿಸಿದ ಮುದುಕ ಹೊಲದ ಬದುವಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿರುವಂತೆ ಅದು ಅಲ್ಲಿ ದುಡಿಯಿತು. ಈ ನಡುವೆ 1895ರಲ್ಲಿ ಅದಕ್ಕೆ ರಾಣಿಯ ಹೆಸರು ಬಂದಿತು. 1909ರಲ್ಲಿ ಕೆಲಸದಿಂದ ಬಿಡುಗಡೆಯಾಯಿತು. ಐವತ್ತನಾಲ್ಕು ವರ್ಷಗಳ ದುಡಿಮೆ. ಎಷ್ಟೋ ಎಂಜಿನ್‌ಗಳು ಮೂವತ್ತು, ನಲವತ್ತಕ್ಕೇ ಗುಜರಿ ಸೇರುವಾಗ ಇದು ದೀರ್ಘಾಯುಷ್ಯವೇ ಸರಿ.

ನಿಂತ ಎಂಬತ್ತೆಂಟು ವರ್ಷ

ನಿವೃತ್ತವಾದ ಬಂಡಿಯನ್ನು ಕರಗಿಸದೆ ಹೌರಾ ನಿಲ್ದಾಣದ ಹೊರಗೆ ಒಂದು ಕಟ್ಟೆ ಕಟ್ಟಿಸಿ ಅದರ ಮೇಲೆ ನಿಲ್ಲಿಸಿದರು. ಹಾಗೆ ನಿಂತದ್ದು 34 ವರ್ಷ. ಎದುರಿಗೇ ಸಾವಿರಾರು ಗಾಡಿಗಳು ಬಂದುವು, ಹೋದುವು. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅದನ್ನು ಉತ್ತರ ಪ್ರದೇಶದ ಚಂದೌಸಿಯಲ್ಲಿರುವ ರೈಲ್ವೆ ತರಬೇತಿ ಶಾಲೆಗೆ ಸಾಗಿಸಿದರು. ಅಲ್ಲಿ ರೈಲ್ವೆ ಕೆಲಸ ಕಲಿಯಲು ಬಂದ ಹುಡುಗರು ಅದನ್ನು ಸುತ್ತಿ ನೋಡಿ ಅಚ್ಚರಿಪಡುತ್ತಿದ್ದರು. 1972ರಲ್ಲಿ ಭಾರತ ಸರ್ಕಾರ ಅದಕ್ಕೆ ಪರಂಪರೆಯ ವಸ್ತುವೆಂಬ ಮಾನ್ಯತೆ ನೀಡಿತು. ಮುಂದೆ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ಕಟ್ಟಿದಾಗ ಅಲ್ಲಿ ಅದಕ್ಕೊಂದು ಗೌರವದ ಸ್ಥಾನ ದೊರೆಯಿತು.

ಸ್ಥಾವರ, ಜಂಗಮ ಎಂಬ ಪದಗಳು ನಮ್ಮ ಓದುಗರಿಗೆ ಹೊಸವಲ್ಲ. ಬಸವಾದಿ ಶರಣರು ಆ ಪದಗಳಲ್ಲಿ ತುಂಬಿದ ಅರ್ಥ ಅಧ್ಯಾತ್ಮದ್ದು. ಅದನ್ನು ಕಬ್ಬಿಣದ ಬಂಡಿಗೆ ಎಳೆದು ಹೊಂದಿಸುವುದು ಅತಿಯಾದೀತು ಎಂಬ ಎಚ್ಚರ ನಮಗಿದೆ. ಆದರೂ ಈ ಬಂಡಿಯ ವಿಷಯದಲ್ಲಿ ಬೇರೆ ಪದ ಹೊಳೆಯುವುದಿಲ್ಲ. ಕಟ್ಟೆಯ ಮೇಲೆ ನಿಂತ ಎಂಜಿನ್ ಉಳಿದಂತೆ ಕಾಣುತ್ತದೆ, ಒಳಗೆ ಅಳಿಯುತ್ತಿರುತ್ತದೆ. ಮಳೆನೀರು ಕೊಳವೆಗಳಲ್ಲಿ ಇಳಿದು ತುಕ್ಕು ಹಿಡಿಸುತ್ತದೆ. ಎಣ್ಣೆ ಒಣಗಿ ಕೀಲುಗಳು ಕಚ್ಚಿಕೊಳ್ಳುತ್ತವೆ. ಮೇಲೆ ವರ್ಷವರ್ಷವೂ ಬಳಿಯುವ ಬಣ್ಣವು ಒಳಗಿನ ಕ್ಷಯವನ್ನು ಮುಚ್ಚುತ್ತದೆಯೇ ಹೊರತು ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಂಜಿನ್ ನಿಂತಾಗ ಅದನ್ನು ನಡೆಸುವ ವಿದ್ಯೆಯೂ ನಿಲ್ಲುತ್ತದೆ.

ಆ ವಿದ್ಯೆ ಪುಸ್ತಕದ್ದಲ್ಲ. ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲನ್ನು ಎಲ್ಲಿ ಎಷ್ಟು ಹರಡಬೇಕೆಂಬುದು, ಕೈಯಿಂದ ಮುಟ್ಟಿ ಬೇರಿಂಗಿನ ಬಿಸಿಯನ್ನು ತಿಳಿಯುವುದು, ಬಾಯ್ಲರಿನ ಸಾವಿರ ಮೊಳೆಗಳಲ್ಲಿ ಸಡಿಲವಾದುದನ್ನು ಸುತ್ತಿಗೆಯ ಸದ್ದಿನಿಂದ ಗುರುತಿಸುವುದು, ಇವೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲಿತು ಬರಬೇಕಾದವು. ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ಕಟ್ಟುವುದನ್ನು 1972ರಲ್ಲಿ ನಿಲ್ಲಿಸಿತು. ಬ್ರಾಡ್‌ಗೇಜ್ ಹಳಿಗಳ ಮೇಲೆ ದಿನನಿತ್ಯದ ಉಗಿಬಂಡಿಯ ಓಟ 1995ರ ಡಿಸೆಂಬರಿನಲ್ಲಿ ಮುಗಿಯಿತು. ಇನ್ನು ಹತ್ತು ಹದಿನೈದು ವರ್ಷ ಕಳೆದಿದ್ದರೆ, ಈ ಕೆಲಸ ಬಲ್ಲ ಕೈಗಳು ಒಂದೊಂದಾಗಿ ಮನೆ ಸೇರಿಬಿಡುತ್ತಿದ್ದುವು.

ಫೇರಿ ಕ್ವೀನ್ ಮತ್ತೆ ಎದ್ದದ್ದು ಸರಿಯಾಗಿ ಆ ಸಂಧಿಕಾಲದಲ್ಲಿ. ಮದ್ರಾಸಿನ ಪೆರಂಬೂರಿನ ರೈಲ್ವೆ ಲೋಕೋ ಕಾರ್ಯಾಗಾರದಲ್ಲಿ ಅದನ್ನು ಬಿಚ್ಚಿ, ಸರಿಪಡಿಸಿ, 1997ರಲ್ಲಿ ಓಡುವ ಸ್ಥಿತಿಗೆ ತಂದರು. ಬಾಯ್ಲರಿನಂಥ ಭಾಗದಲ್ಲಿ ಅಂದಾಜಿನ ಕೆಲಸ ನಡೆಯುವುದಿಲ್ಲ. ಓಡಿಸುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ತಣ್ಣೀರು ತುಂಬಿ ಪರೀಕ್ಷಿಸಿ, ಸೋರದೆ ಉಳಿದರೆ ಮಾತ್ರ ಬೆಂಕಿ ಹಾಕಬೇಕು. ಅಂತೂ 88 ವರ್ಷ ನಿಂತಿದ್ದ ಎಂಜಿನ್ ಆ ವರ್ಷ ದೆಹಲಿಯಿಂದ ರಾಜಸ್ಥಾನದ ಅಲ್ವಾರಿಗೆ, ಸುಮಾರು 143 ಕಿಲೋಮೀಟರ್ ದೂರ, ಪ್ರಯಾಣಿಕರನ್ನು ಕರೆದೊಯ್ದಿತು. ಒಂದು ಸಲಕ್ಕೆ 60 ಜನ. ಎರಡು ದಿನದ ಪ್ರವಾಸ. ಸರಿಸ್ಕಾದ ಹುಲಿ ಅಭಯಾರಣ್ಯದ ಭೇಟಿಯೂ ಅದರಲ್ಲಿ ಸೇರಿತ್ತು. 1998ರಲ್ಲಿ, ನಿಯಮಿತವಾಗಿ ಓಡುತ್ತಿರುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಹೆಸರು ಸೇರಿತು. 1999ರಲ್ಲಿ ರಾಷ್ಟ್ರೀಯ ಪ್ರವಾಸೋದ್ಯಮ ಪ್ರಶಸ್ತಿ ಸಂದಿತು. ಪ್ರದಾನ ಮಾಡಿದವರು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು. ಇದನ್ನು ಹೆತ್ತ ಲೀಡ್ಸಿನ ಕಾರ್ಖಾನೆಯಾದರೋ 1938ರಲ್ಲಿಯೇ ಎಂಜಿನ್ ಕಟ್ಟುವುದನ್ನು ನಿಲ್ಲಿಸಿತ್ತು. ತೌರುಮನೆಯ ಬಾಗಿಲು ಮುಚ್ಚಿ ಅರವತ್ತು ವರ್ಷವಾದ ಮೇಲೆ ಮಗಳಿಗೆ ಬಂದ ಕೀರ್ತಿ ಇದು.

ಉಳಿಸುವುದೆಂದರೆ ಏನು?

ಇಲ್ಲಿ ಒಂದು ಚರ್ಚೆ ಏಳುತ್ತದೆ. ಅದು ರೈಲ್ವೆಯವರದಷ್ಟೇ ಅಲ್ಲ. ಹಳೆಯ ಮನೆ, ಹಳೆಯ ಮಠ, ಹಳೆಯ ತೇರುಗಳನ್ನು ಉಳಿಸಿಕೊಂಡ ನಮ್ಮೆಲ್ಲರದು. ಎಂಜಿನ್ನನ್ನು ಓಡಿಸಬೇಕಾದರೆ ಸವೆದ ಭಾಗಗಳನ್ನು ಬದಲಿಸಬೇಕು. ಒಂದು ಕೊಳವೆ ಹೋಯಿತು, ಹೊಸತು ಹಾಕಿದರು. ಗಾಲಿಯ ಪಟ್ಟಿ ಸವೆಯಿತು, ಬೇರೆ ಕಟ್ಟಿದರು. ಹೀಗೆ ಬದಲಿಸುತ್ತ ಹೋದರೆ 1855ರ ಕಬ್ಬಿಣ ಎಷ್ಟು ಉಳಿದೀತು? ಓಡದಂತೆ ನಿಲ್ಲಿಸಿದರೆ ಹಳೆಯ ಲೋಹವಾದರೂ ಹಾಗೆಯೇ ಇರುತ್ತದೆ, ಮುಂದಿನ ವಿದ್ವಾಂಸರು ಅದನ್ನು ಪರಿಶೀಲಿಸಬಹುದು ಎಂಬುದು ವಸ್ತುಸಂಗ್ರಹಾಲಯದವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದೇ ಒಂದು ಪ್ರತಿ ಉಳಿದಿರುವ ಓಲೆಗರಿಯ ಕಟ್ಟನ್ನು ದಿನವೂ ಪಾರಾಯಣಕ್ಕೆ ಬಿಚ್ಚಬಾರದೆನ್ನುವಂತೆಯೇ ಇದು.

ಆದರೆ ತೇರಿನ ನಿದರ್ಶನವೂ ನಮ್ಮ ಮುಂದಿದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಕೊಟ್ಟೂರಿನಲ್ಲಿ, ನಮ್ಮ ಎಷ್ಟೋ ಊರುಗಳಲ್ಲಿ ತೇರು ಎಳೆಯುತ್ತೇವೆ. ತೇರಿಗೆ ಗಾಲಿ ಹೊಸತಾಗುತ್ತದೆ, ಅಚ್ಚು ಹೊಸತಾಗುತ್ತದೆ, ಮಿಣಿ ಹಗ್ಗ ಹೊಸತಾಗುತ್ತದೆ. ಬಡಗಿಯ ಮನೆತನದಲ್ಲಿ ತಂದೆಯಿಂದ ಮಗನಿಗೆ ಆ ಅಳತೆ ಇಳಿದು ಬರುತ್ತದೆ. ಇದು ಹಳೆಯ ತೇರಲ್ಲ ಎಂದು ಯಾವ ಭಕ್ತನೂ ಉತ್ತತ್ತಿ ಎಸೆಯದೆ ಹಿಂದಿರುಗಿದ್ದಿಲ್ಲ. ಎಳೆಯುವ ಜನ ಇರುವವರೆಗೆ, ಗಾಲಿ ಮಾಡಬಲ್ಲ ಬಡಗಿ ಇರುವವರೆಗೆ ಅದು ಅದೇ ತೇರು. ನಮ್ಮ ಒಲವು ಈ ಕಡೆಗೇ. ವರ್ಷವೆಲ್ಲ ಅಲ್ಲದಿದ್ದರೂ, ಚಳಿಗಾಲದಲ್ಲಿ ಕೆಲವು ಬಾರಿಯಾದರೂ ಬೆಂಕಿ ಕಂಡರೆ, ಆ ನೆಪದಲ್ಲಿ ನಾಲ್ಕು ಮಂದಿ ಯುವಕರು ಬಾಯ್ಲರಿನ ವಿದ್ಯೆಯನ್ನು ಕಲಿಯುತ್ತಾರೆ. ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕದೆ, ಚೀಟಿ ಬರೆದು ಜೋಪಾನವಾಗಿಟ್ಟರೆ ವಿದ್ವಾಂಸರ ದೂರೂ ಅರ್ಧ ತೀರುತ್ತದೆ.

ನಿಲ್ಲಿಸಿದರೆ ಕ್ಷೇಮ ಎಂಬ ನಂಬಿಕೆಗೆ 2011ರಲ್ಲಿ ದೊಡ್ಡ ಪೆಟ್ಟು ಬಿತ್ತು. ಓಟವಿಲ್ಲದೆ ನಿಂತಿದ್ದ ಫೇರಿ ಕ್ವೀನಿನ ಅನೇಕ ಭಾಗಗಳನ್ನು ಕಳ್ಳರು ಕಿತ್ತುಕೊಂಡು ಹೋದರು. ಗಿನ್ನೆಸ್ ಪುಸ್ತಕದಲ್ಲಿ ಹೆಸರಿದ್ದ, ರಾಷ್ಟ್ರದ ನಿಧಿಯೆಂದು ಮಾನ್ಯತೆ ಪಡೆದಿದ್ದ ಎಂಜಿನ್‌ನ ಗತಿ ಅದು! ದಿನವೂ ಎಣ್ಣೆ ಹಚ್ಚಲು ಒಬ್ಬ ಬರುತ್ತಿದ್ದರೆ ಮೊದಲ ಮೊಳೆ ಕಾಣೆಯಾದ ದಿನವೇ ಗೊತ್ತಾಗುತ್ತಿತ್ತು. ಯಾರೂ ಮುಟ್ಟದ ವಸ್ತುವನ್ನು ಯಾರೂ ಕಾಯುವುದಿಲ್ಲ. ಮನೆಯ ಅಟ್ಟದ ಮೇಲಿಟ್ಟ ಅಜ್ಜಿಯ ತಾಮ್ರದ ಹಂಡೆ ಯಾವಾಗ ಹೋಯಿತೆಂದು ಎಷ್ಟು ಮನೆಗಳಲ್ಲಿ ಗೊತ್ತಿರುತ್ತದೆ? ನೀರು ಕಾಯಿಸುವ ಹಂಡೆ ಹೋದರೆ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.

ಮತ್ತೆ ಪೆರಂಬೂರಿನವರೇ ಕೈ ಹಚ್ಚಬೇಕಾಯಿತು. ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲ ಅವು; ನೂರೈವತ್ತು ವರ್ಷದ ಹಿಂದಿನ ಅಳತೆಗೆ ಹೊಂದುವಂತೆ ಒಂದೊಂದನ್ನೂ ಹೊಸದಾಗಿ ಮಾಡಿ ಕೂಡಿಸಬೇಕು. ಆ ಕಾರ್ಯಾಗಾರಕ್ಕೆ ಇದು ಸಾಧ್ಯವಾದುದಕ್ಕೆ ಕಾರಣವಿದೆ. ಮೊದಲು 1997ರಲ್ಲಿ ಇದೇ ಎಂಜಿನ್ ಮೇಲೆ ಕೈ ಪಳಗಿತ್ತು. ಮುಂದೆ, ಫೇರಿ ಕ್ವೀನಿನ ಒಡಹುಟ್ಟಿದ ಎಂಜಿನ್ ಒಂದನ್ನು ಅಲ್ಲಿನವರು ಎಬ್ಬಿಸಿದ್ದರು. ಅದೇ ಕಂಪನಿಯ 21ನೆಯ ನಂಬರು, ‘ಎಕ್ಸ್‌ಪ್ರೆಸ್’ ಎಂದು ಅದರ ಹೆಸರು. ಅದೂ 1855ರದು, ಅದೇ ಲೀಡ್ಸ್ ಕಾರ್ಖಾನೆಯದು. ಬಿಹಾರದ ಜಮಾಲ್ಪುರ ಕಾರ್ಯಾಗಾರದಲ್ಲಿ ಬಹುಕಾಲ ಪ್ರದರ್ಶನಕ್ಕೆ ನಿಂತಿದ್ದ ಅದನ್ನು ಸರಿಪಡಿಸಿ 2010ರಲ್ಲಿ ಚೆನ್ನೈಯ ಹಳಿಗಳ ಮೇಲೆ ಓಡಿಸಿದರು. ತಂಗಿಯ ಚಿಕಿತ್ಸೆಯಲ್ಲಿ ಕಲಿತದ್ದು ಅಕ್ಕನ ಚಿಕಿತ್ಸೆಗೆ ಒದಗಿತು. ಅಕ್ಕ ಯಾರು, ತಂಗಿ ಯಾರು ಎಂದು ನಂಬರು ನೋಡಿ ಓದುಗರು ನಮ್ಮನ್ನು ತಿದ್ದಬಹುದು, 21 ಹಿರಿಯಳಿರಬೇಕು!

ಐದಾರು ವರ್ಷ ಓಟವಿಲ್ಲದಿದ್ದ ಫೇರಿ ಕ್ವೀನ್ 2017ರ ಫೆಬ್ರವರಿಯಲ್ಲಿ ದೆಹಲಿಯಿಂದ ಹರಿಯಾಣದ ರೇವಾರಿಗೆ ಪ್ರವಾಸಿಗರನ್ನು ಮತ್ತೆ ಕರೆದೊಯ್ದಿತು. ರೇವಾರಿಯ ಲೋಕೋ ಶೆಡ್ 1893ರದು. ಉಗಿಬಂಡಿಗಳ ಕಾಲ ಮುಗಿದಾಗ ಅದಕ್ಕೂ ಬೀಗ ಬಿದ್ದಿತ್ತು. ಬಳಿಕ ಅದನ್ನು ಸರಿಪಡಿಸಿ, ಹಲವಾರು ಉಗಿ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲಿಯೇ ಇಡುವ ಪರಂಪರೆಯ ತಾಣವನ್ನಾಗಿ ಮಾಡಿದ್ದಾರೆ. ಒಂದು ಎಂಜಿನ್ನನ್ನು ಒಂಟಿಯಾಗಿ ಉಳಿಸುವುದಕ್ಕಿಂತ ಇದು ಜಾಣತನದ ಕೆಲಸ. ನೀರು ತುಂಬುವ ಕಂಬ, ಬೂದಿ ಬಳಿಯುವ ಗುಂಡಿ, ಕಲ್ಲಿದ್ದಲ ರಾಶಿ, ಬೆಳಗಿನ ಜಾವ ಎದ್ದು ಒಲೆ ಹಚ್ಚುವವನು, ಇವೆಲ್ಲ ಇದ್ದಲ್ಲಿ ಮಾತ್ರ ಉಗಿಬಂಡಿಯ ಸಂಸಾರ ಪೂರ್ಣ. ತಣ್ಣಗಿರುವ ಎಂಜಿನ್‌ಗೆ ಬೆಂಕಿ ಹಾಕಿ ಉಗಿ ಏರಿಸಲು ಹಲವು ಗಂಟೆಗಳು ಬೇಕು. ಆತುರಪಟ್ಟು ಉರಿ ಹೆಚ್ಚಿಸಿದರೆ ಲೋಹ ಒಂದೇ ಸಮನೆ ಹಿಗ್ಗದೆ ಬಿರುಕು ಬಿಡುತ್ತದೆ. ಪ್ರವಾಸಿಗರು ಕಾಣುವುದು ಹೊರಡುವ ಹೊತ್ತಿನ ಬಿಳಿಯ ಉಗಿ, ಸಿಳ್ಳು, ಹೂಮಾಲೆ. ಅದರ ಹಿಂದಿನ ರಾತ್ರಿಯ ದುಡಿಮೆ ಶೆಡ್ಡಿನವರಿಗೆ ಮಾತ್ರ ಗೊತ್ತು.

ಇನ್ನು ನಮ್ಮ ನಾಡಿನ ಮಾತು. ದೆಹಲಿಯವರೆಗೆ ಹೋಗಲಾಗದವರಿಗೆ ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಆರಂಭವಾಗಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳು, ನಿಂತಿರುವ ಎಂಜಿನ್‌ನ ಮುಂದೆ ಫೋಟೋ ತೆಗೆಸಿ ಹೊರಡುವ ಬದಲು ಅರ್ಧ ಗಂಟೆ ಅಲ್ಲಿಯೇ ನಿಲ್ಲಬೇಕೆಂದು ನಮ್ಮ ಬಿನ್ನಹ. ನೀರು ಎಲ್ಲಿರುತ್ತಿತ್ತೆಂದು ಮಕ್ಕಳಿಂದಲೇ ಹುಡುಕಿಸಿರಿ. ಹಿಂದೆ ಬೇರೆ ಗಾಡಿ ಕೂಡಿಸಿದ್ದರೆ ಅದು ಟೆಂಡರಿನ ಎಂಜಿನ್. ಬಾಯ್ಲರಿನ ಪಕ್ಕದಲ್ಲಿ ಉದ್ದನೆಯ ಪೆಟ್ಟಿಗೆಗಳಿದ್ದರೆ, ಅಥವಾ ಹೊಟ್ಟೆಯಡಿ ತೊಟ್ಟಿ ತೂಗಿದರೆ ಅದು ಟ್ಯಾಂಕ್ ಎಂಜಿನ್. ಒಲೆಯ ಬಾಗಿಲನ್ನೂ, ಅದರ ಎದುರಿನ ಕಿರಿದಾದ ಜಾಗವನ್ನೂ ತೋರಿಸಿರಿ. ಇಬ್ಬರು ದಿನವಿಡೀ ನಿಂತು ದುಡಿದ ಜಾಗ ಅಷ್ಟೇ. ಮನೆಯಲ್ಲಿ ರೈಲ್ವೆಯ ಕೆಲಸದಿಂದ ನಿವೃತ್ತರಾದ ಅಜ್ಜನೋ ದೊಡ್ಡಪ್ಪನೋ ಇದ್ದರೆ ಅವರನ್ನು ತಪ್ಪದೆ ಜೊತೆಗೆ ಕರೆದೊಯ್ಯಿರಿ. ಅವರು ಯಾವ ಶೆಡ್ಡಿನಲ್ಲಿದ್ದರು, ಯಾವ ನಂಬರಿನ ಎಂಜಿನ್ ಮೇಲೆ ದುಡಿದರು, ಜೊತೆಗಿದ್ದ ಫೈರ್‌ಮನ್ ಯಾರು, ಫಿಟ್ಟರ್ ಯಾರು ಎಂಬುದನ್ನು ಕೇಳಿ, ಹೆಸರುಗಳ ಸಮೇತ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿರಿ.